ಹಳೆಯ ಗಾಡಿಗೆ ಹೊಸ ಕ್ಯಾಮ್‌ಶಾಫ್ಟ್

ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಆದರೆ ತಂದೆಯ ಕಾಲದ ಗಾಡಿಯನ್ನು ಮನೆಯ ಹಿರಿಯರಂತೆ ಸಲಹುತ್ತಿರುವ ಸಂಸಾರಗಳು ಇನ್ನೂ ಉಂಟು. ಅಂಥವರು ಬಿಡಿಭಾಗ ಬೇಕೆಂದಾಗ ಅನ್ಯರು ಮಾಡಿ ಮಾರಿದ್ದನ್ನೇ ನೆಚ್ಚಬೇಕಾಗುತ್ತದೆ. ಆ ಸರಕಿನಲ್ಲಿ ಒಳಿತು ಕೆಡುಕುಗಳನ್ನು ಕಣ್ಣಿನಿಂದ ಅರಿಯಲಾಗದ ವಸ್ತುವೆಂದರೆ ಕ್ಯಾಮ್‌ಶಾಫ್ಟ್.

ಈ ಕಾರಿನಲ್ಲಿ ಬಹುಕಾಲ ದುಡಿದ 1489 ಸಿ.ಸಿ. ಪೆಟ್ರೋಲ್ ಎಂಜಿನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಯದು. ಅದರ ಒಡಲಲ್ಲಿ ತಿರುಗುವ ಬೀಡುಕಬ್ಬಿಣದ ದಂಡವೇ ಕ್ಯಾಮ್‌ಶಾಫ್ಟ್. ಅದರ ಎಂಟು ಉಬ್ಬುಗಳು ಎಂಟು ಟ್ಯಾಪೆಟ್ಟುಗಳನ್ನು ಎತ್ತಿ, ಅವುಗಳ ಮೂಲಕ ವಾಲ್ವುಗಳನ್ನು ತೆರೆಯುತ್ತವೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಈ ದಂಡ 1500 ಸುತ್ತು ತಿರುಗುತ್ತದೆ. ಎಂದರೆ ಒಂದೊಂದು ಉಬ್ಬೂ ಸೆಕೆಂಡಿಗೆ 25 ಸಲ ಬಲವಾದ ಸ್ಪ್ರಿಂಗಿನೊಡನೆ ಸೆಣಸಬೇಕು.

ಈ ಸೆಣಸಾಟವನ್ನು ತಾಳುವ ಶಕ್ತಿ ಹೊಳಪಿನಲ್ಲಿಲ್ಲ, ಗಡಸುತನದಲ್ಲಿದೆ. ಎರಕ ಹೊಯ್ಯುವಾಗ ಉಬ್ಬಿನ ಹೊರಮೈಯನ್ನು ಶೀಘ್ರವಾಗಿ ತಣಿಸಿ ಗಡಸು ಮಾಡಬೇಕು. ಟ್ಯಾಪೆಟ್ಟು ತನ್ನಷ್ಟಕ್ಕೆ ತಿರುಗುತ್ತಿರಲೆಂದು ಉಬ್ಬನ್ನು ಕಣ್ಣಿಗೆ ಕಾಣದಷ್ಟು ಓರೆಯಾಗಿ ಸಾಣೆ ಹಿಡಿಯಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಉಬ್ಬು ಸವೆಯತೊಡಗುತ್ತದೆ. ಆ ಕಬ್ಬಿಣದ ಪುಡಿ ಎಣ್ಣೆಯೊಡನೆ ಬೇರಿಂಗುಗಳನ್ನು ಸೇರುತ್ತದೆ. ಬಿಡಿಭಾಗದಲ್ಲಿ ಉಳಿಸಿದ ಹಣಕ್ಕೆ ಇಡೀ ಎಂಜಿನನ್ನೇ ತೆರಬೇಕಾಗುತ್ತದೆ.

ಹೀಗೆ ಕೆಟ್ಟಾಗ ಮಾರಿದವನು ಮೆಕ್ಯಾನಿಕನನ್ನು, ಮೆಕ್ಯಾನಿಕನು ಎಣ್ಣೆಯನ್ನು, ಎಣ್ಣೆಯವನು ಸರಕನ್ನು ದೂರುತ್ತಾನೆ. ಮೂವರ ಮಾತಿನಲ್ಲೂ ಸತ್ಯಾಂಶವಿದೆ. ಸತು ಮತ್ತು ರಂಜಕ ಸೇರಿದ ಸಂಯುಕ್ತವೊಂದು ಇಂಥ ಉಬ್ಬುಗಳಿಗೆ ರಕ್ಷಾಕವಚ. ಆದರೆ ರಂಜಕವು ಹೊಸ ಕಾರುಗಳ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ವಿಷ. ಆದ್ದರಿಂದ 2004ರಲ್ಲಿ ಬಂದ ಅಮೆರಿಕದ ‘ಎಸ್.ಎಂ.’ ದರ್ಜೆಯು ತೆಳು ಎಣ್ಣೆಗಳಲ್ಲಿ ರಂಜಕವನ್ನು ಶೇಕಡಾ 0.08ಕ್ಕೆ ಮಿತಗೊಳಿಸಿತು. ಹಳೆಯ ಎಂಜಿನಿಗೆ ಅದಕ್ಕೆಂದೇ ತಯಾರಾದ ಎಣ್ಣೆ ಲೇಸು.

ಮೆಕ್ಯಾನಿಕನ ಕೈಯೂ ಅಷ್ಟೇ ಮುಖ್ಯ. ಹೊಸ ಕ್ಯಾಮಿಗೆ ಸವೆದ ಟ್ಯಾಪೆಟ್ಟುಗಳನ್ನು ಜೋಡಿಸಲಾಗದು; ಎರಡೂ ಹೊಸವಾಗಿರಬೇಕು. ಉಬ್ಬುಗಳಿಗೆ ಎಣ್ಣೆ ಬಹುಪಾಲು ಸಿಡಿದು ತಲುಪುವುದರಿಂದ, ಮೊದಲ ಸಲ ಚಾಲೂ ಮಾಡಿದ ಕೂಡಲೇ ಎಂಜಿನನ್ನು ಸುಮಾರು 2000 ಸುತ್ತಿಗೆ ಏರಿಸಿ 20 ನಿಮಿಷ ಓಡಿಸಬೇಕು; ಮಂದಗತಿಯಲ್ಲಿ ಬಿಡಬಾರದು. ಬಾಣಂತನದಂತೆ ಈ ಅವಧಿಯ ಆರೈಕೆ ಮುಂದಿನ ಆಯುಷ್ಯವನ್ನೇ ನಿರ್ಧರಿಸುತ್ತದೆ.

ಆದರೆ ಲೋಹವೇ ಮೆತುವಾಗಿದ್ದರೆ ಯಾವ ಆರೈಕೆ ಏನು ಮಾಡೀತು? ಸವೆದುಹೋದ ಉಬ್ಬಿನಿಂದ ತಪ್ಪಿತಸ್ಥನನ್ನು ಹಿಡಿಯುವುದು ಕಷ್ಟ. ಸಾಕ್ಷಿಯೂ ಅದರೊಡನೆ ಪುಡಿಯಾಗಿರುತ್ತದೆ. ಆದಕಾರಣ ಜೋಡಿಸುವ ಮುನ್ನವೇ ಗಡಸುತನವನ್ನು ಯಂತ್ರದಿಂದ ಅಳೆಯಿಸಿ ಬರೆದಿಡುವುದು ವಿವೇಕ. ಓಡಿದ ಕೆಲವು ದಿನಗಳಲ್ಲೇ ವಾಲ್ವಿನ ಸಂದು ಮತ್ತೆ ಮತ್ತೆ ಹಿಗ್ಗತೊಡಗಿದರೆ ಗಾಡಿಯನ್ನು ನಿಲ್ಲಿಸಬೇಕು. ಆಗ ಕಳೆದುಕೊಳ್ಳುವುದು ಒಂದು ದಂಡವನ್ನು ಮಾತ್ರ. ಉದಾಸೀನ ಮಾಡಿದರೆ ಎರಡು ತಲೆಮಾರು ಹೊತ್ತು ತಿರುಗಿದ ಎಂಜಿನನ್ನೇ.