ಕಡಲ ದಂಡೆಯಲ್ಲಿ ಒಂದು ಹಗಲು

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಮಠದ ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಗಾದೆಯ ಎರಡನೆಯ ಭಾಗವೇ ಬಹುಕಾಲ ಸಾಕಾಗಿತ್ತು. ಮಹಾಕಾವ್ಯಕ್ಕೆ ಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂದು ಕಲಿತೆ, ಕಲಿಸಿದೆ. ಆದರೆ ಜವಳಗೇರಾದ ಕರಿಮಣ್ಣಿನ ಬಯಲಿನಲ್ಲಿ ಹುಟ್ಟಿದವನಿಗೆ ನೀರೆಂದರೆ ತುಂಗಭದ್ರೆಯ ಎಡದಂಡೆಯ ಕಾಲುವೆ. ಅದರ ಆಚೆಗಿನ ನೀರೆಲ್ಲವೂ ಪುಸ್ತಕದ ನೀರು.

ಕೆಲವು ವರ್ಷಗಳ ಹಿಂದೆ ಮೊದಲ ಬಾರಿಗೆ ಕರಾವಳಿಗೆ ಹೋದುದುಂಟು. ಪ್ರವಾಸ ಏರ್ಪಡಿಸುವವರೊಬ್ಬರ ಬಸ್ಸಿನಲ್ಲಿ ಐವತ್ತು ಜನರ ನಡುವೆ ಕುಳಿತು ಒಂದೇ ಹಗಲಿನಲ್ಲಿ ಒಂಬತ್ತು ಸ್ಥಳಗಳನ್ನು ‘ಮುಗಿಸಿದೆವು’. ಇಳಿಯುವುದು, ಓಡುವುದು, ಹತ್ತುವುದು ಇಷ್ಟೇ ನೆನಪಿನಲ್ಲಿ ಉಳಿಯಿತು. ಊರಿಗೆ ಮರಳಿದ ಮೇಲೆ ಯಾರೋ ‘ಏನು ಕಂಡಿರಿ?’ ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಕಣ್ಣು ತೆರೆದೇ ಇದ್ದಿತು, ಕಾಣಿಸುವವರು ಇರಲಿಲ್ಲ.

ಕಳೆದ ಜನವರಿಯಲ್ಲಿ ಮಗಳು, ಅಳಿಯ, ಹದಿನಾರು ವಯಸ್ಸಿನ ಮೊಮ್ಮಗ ಹಾಗೂ ನಮ್ಮ ಮನೆಯವರೊಡನೆ ಮತ್ತೊಮ್ಮೆ ಹೊರಟೆ. ಈ ಬಾರಿ ಒಂದೇ ಕುಟುಂಬ, ಒಂದೇ ವಾಹನ, ಒಂದು ಹಗಲು ಪೂರ್ತಿ ನಮ್ಮೊಡನೆ ಇರುವ ಒಬ್ಬ ಮಾರ್ಗದರ್ಶಕ ಎಂದು ನಿಶ್ಚಯಿಸಿದೆವು. ‘ದಾರಿ ತೋರಿಸಲು ಫೋನು ಇರುವಾಗ ಮನುಷ್ಯನಿಗೇಕೆ ಹಣ ಕೊಡಬೇಕು?’ ಎಂದು ಮೊಮ್ಮಗ ಆಕ್ಷೇಪಿಸಿದ. ಆ ಪ್ರಶ್ನೆಗೆ ದಿನದ ಕೊನೆಯಲ್ಲಿ ಅವನಿಗೇ ಉತ್ತರ ದೊರೆಯಿತು. ಈ ತಿಂಗಳ ಬರೆಹ ಆ ಉತ್ತರವನ್ನು ಕುರಿತದ್ದು.

ನಮ್ಮ ಸೀಮೆಯಿಂದ ಉತ್ತರ ಕನ್ನಡದ ಕಡಲಿಗೆ ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಹುಬ್ಬಳ್ಳಿಯವರೆಗಿನ ದಾರಿ ವೃದ್ಧರಿಗೂ ಸುಗಮವಾಗಿದೆ. ಅಲ್ಲಿಂದ ವಾಹನದಲ್ಲಿ ಯಲ್ಲಾಪುರ, ಅರಬೈಲು ಘಟ್ಟದ ಮಾರ್ಗವಾಗಿ ಅಂಕೋಲೆಗೆ ಇಳಿದು ಗೋಕರ್ಣದಲ್ಲಿ ರಾತ್ರಿ ತಂಗಿದೆವು. ಅಂಕೋಲೆ ದಾಟಿದ ಬಳಿಕ ಹೆದ್ದಾರಿಯ ಪಕ್ಕದಲ್ಲಿ ಒಂದು ಗುಡ್ಡ ಅರ್ಧ ಸೀಳಿದಂತೆ ನಿಂತಿತ್ತು. ಅದೇ ಶಿರೂರು. 2024ರ ಜುಲೈ 16ರಂದು ಸುರಿವ ಮಳೆಯಲ್ಲಿ ಆ ಗುಡ್ಡ ಜರಿದು, ರಸ್ತೆಬದಿಯ ಚಹಾದಂಗಡಿಯನ್ನೂ ಅದರ ಮನೆಮಂದಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಯೊಳಗೆ ನೂಕಿದ ಸ್ಥಳ. ವಾಹನದೊಳಗಿನ ಮಾತು ತಾನಾಗಿಯೇ ನಿಂತಿತು. ರಾಯಚೂರು ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು. ಈ ಕರಾವಳಿಯಲ್ಲಿ ಅದು 3000 ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ಮಳೆಯನ್ನು ಹಾರೈಸುತ್ತ ಬದುಕುವ ನಮಗೆ ಮಳೆಗೆ ಅಂಜುವ ನಾಡೊಂದು ಇದೆಯೆಂಬುದು ಸುಲಭವಾಗಿ ಮನಸ್ಸಿಗೆ ಬಾರದು.

ಮರುದಿನ ನಸುಕಿನಲ್ಲಿ ಪೂಜೆ ಪ್ರಸಾದ ಮುಗಿಸಿ ಹೊರಬರುವಷ್ಟರಲ್ಲಿ ಮಾರ್ಗದರ್ಶಕ ಬಾಗಿಲಲ್ಲಿದ್ದ. ಕುಮಟಾ ಕಡೆಯ ತರುಣ; ತಂದೆ ದೋಣಿ ನಡೆಸಿದವರು. ನಾವು ಬರೆದುಕೊಂಡು ಹೋಗಿದ್ದ ಸ್ಥಳಗಳ ಪಟ್ಟಿಯನ್ನು ನೋಡಿ ವಿನಯದಿಂದಲೇ ಅರ್ಧವನ್ನು ಹೊಡೆದುಹಾಕಿದ. ಉಳಿದುದರ ಕ್ರಮವನ್ನೂ ಬದಲಿಸಿದ. ಕಾರಣ ಕೇಳಿದಾಗ, ‘ಇಂದಿನ ಇಳಿತ ಇಷ್ಟು ಹೊತ್ತಿಗೆ ಇದೆ, ಯಜಮಾನರೇ. ಅಳಿವೆಯನ್ನು ಇಳಿತದಲ್ಲಿ ನೋಡಬೇಕು’ ಎಂದ. ಕಡಲಿನ ನೀರು ಹಗಲಿರುಳು ಸೇರಿ ಸಾಮಾನ್ಯವಾಗಿ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ವೇಳೆಯೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನಾವು ಗಡಿಯಾರವನ್ನು ನೋಡಿ ಹೊರಟಿದ್ದೆವು. ಅವನು ಚಂದ್ರನನ್ನು ಲೆಕ್ಕಹಾಕಿ ಬಂದಿದ್ದ.

ಗೋಕರ್ಣದ ಕೋಟಿತೀರ್ಥ, ಮಹಾಬಲೇಶ್ವರನ ಗುಡಿ ನೋಡಿ ಸಾಣಿಕಟ್ಟೆಗೆ ಬಂದೆವು. ಮಡಿಗಳಂತೆ ಅಚ್ಚುಕಟ್ಟಾಗಿ ಕಟ್ಟಿದ ಉಪ್ಪಿನಾಗರಗಳು ಕಣ್ಣು ಹರಿಯುವವರೆಗೆ ಹಬ್ಬಿವೆ. ಕಡಲ ನೀರನ್ನು ಪಾತಿಯಿಂದ ಪಾತಿಗೆ ಹಾಯಿಸಿ, ಬಿಸಿಲಿನಲ್ಲಿ ಗಟ್ಟಿಯಾಗಿಸಿ, ಕೊನೆಯ ಪಾತಿಯಲ್ಲಿ ಉಪ್ಪನ್ನು ಗೋರುತ್ತಾರೆ. ನೀರು ಹಾಯಿಸುವ ಕೆಲಸವನ್ನು ಜನ್ಮವಿಡೀ ಕಂಡ ನಮಗೆ ಅದು ಅಪರಿಚಿತವೆನಿಸಲಿಲ್ಲ. ಫಲ ಮಾತ್ರ ಬೇರೆ. ಇದೇ ಅಂಕೋಲೆಯ ಸೀಮೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು, ಬಡ ಒಕ್ಕಲುಗಳು ಹೊಲಮನೆ ಕಳೆದುಕೊಂಡರೂ ಬಾಗದೆ ನಿಂತುದನ್ನು ಅವನು ತನ್ನ ಮನೆಯ ಕಥೆಯೆಂಬಂತೆ ಹೇಳಿದ. ಮೊಮ್ಮಗ ಪಾಠಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದುದನ್ನು ಆ ದಿನ ನೆಲದ ಮೇಲೆ ಕಂಡ.

ಮಿರ್ಜಾನಿನ ಕೋಟೆಗೆ ಹೋಗುವ ಮುನ್ನ ವಾಹನವನ್ನು ಅಘನಾಶಿನಿಯ ಅಳಿವೆಯ ಕಡೆಗೆ ತಿರುಗಿಸಿದ. ಅಘನಾಶಿನಿ ಶಿರಸಿಯ ಸೀಮೆಯಲ್ಲಿ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಕಡಲನ್ನು ಸೇರುವ ನದಿ. ಇಳಿತದ ವೇಳೆಯಾದ್ದರಿಂದ ಹೆಣ್ಣುಮಕ್ಕಳು ಮೊಣಕಾಲು ನೀರಿನಲ್ಲಿ ನಿಂತು ಬಳಚು ಆಯುತ್ತಿದ್ದರು. ನಮ್ಮ ಊಟದ ಪದಾರ್ಥವಲ್ಲದಿದ್ದರೂ ಅವರ ದುಡಿಮೆಗೆ ಕೈಮುಗಿಯದಿರಲು ಮನಸ್ಸು ಬಾರಲಿಲ್ಲ. ಅಲ್ಲಿಯೇ ಒಂದು ಒಡ್ಡಿನ ಮೇಲೆ ನಿಲ್ಲಿಸಿ, ಎದುರಿಗಿದ್ದ ಕೆಸರುಗಟ್ಟಿದ ಉಪ್ಪುನೀರಿನ ಹರವನ್ನು ತೋರಿಸಿ, ‘ಇದು ಭತ್ತದ ಗದ್ದೆ’ ಎಂದ.

ನನಗೆ ನಗು ಬಂದಿತು. ಸಿಂಧನೂರು ತಾಲೂಕಿನವನಿಗೆ ಭತ್ತವನ್ನು ಪರಿಚಯಿಸುವ ಅಗತ್ಯವಿಲ್ಲ. ನೀರನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಇಟ್ಟೆ, ಉಪ್ಪೇ ಉಪ್ಪು. ಆಗ ಅವನು ಬಿಡಿಸಿ ಹೇಳಿದ. ಇಂಥ ಭೂಮಿಗೆ ಗಜನಿ ಎಂದು ಹೆಸರು. ಮಾಣಿಕಟ್ಟಾ ಮೊದಲಾದ ಊರುಗಳವರು ಇಲ್ಲಿ ಕಗ್ಗ ಎಂಬ ಭತ್ತವನ್ನು ತಲೆತಲಾಂತರದಿಂದ ಬೆಳೆಯುತ್ತ ಬಂದಿದ್ದಾರೆ. ಮಳೆಗಾಲದ ಸಿಹಿನೀರು ನೆಲದ ಉಪ್ಪನ್ನು ತೊಳೆದಾಗ ಬಿತ್ತನೆ; ಮಳೆ ತಗ್ಗುವ ಹೊತ್ತಿಗೆ ಕೊಯ್ಲು. ನಡುವೆ ಉಪ್ಪುನೀರು ನುಗ್ಗಿದರೂ ಕಗ್ಗದ ಪೈರು ತಾಳಿಕೊಳ್ಳುತ್ತದೆ. ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಗದ್ದೆಯಲ್ಲಿ ಮೀನು ಸಿಗಡಿ ಸೇರುತ್ತವೆ. ಕೊಳೆತ ಹುಲ್ಲು ಅವಕ್ಕೆ ಆಹಾರ, ಅವುಗಳ ಕಸ ಮರುವರ್ಷದ ಪೈರಿಗೆ ಸಾರ. ಒಡ್ಡಿನ ಆಚೆಯ ಮನೆಯ ಹಿರಿಯರೊಬ್ಬರು ಒಂದು ಹಿಡಿ ಕಾಳನ್ನು ತಂದು ನನ್ನ ಅಂಗೈಯಲ್ಲಿಟ್ಟರು.

ಓದುಗರೇ, ಆ ಕಾಳನ್ನು ಹಿಡಿದು ನಾನು ಸುಮ್ಮನೆ ನಿಂತೆ. ನಮ್ಮ ಅಚ್ಚುಕಟ್ಟಿನಲ್ಲಿ ಬಸಿಗಾಲುವೆಯಿಲ್ಲದೆ ನೀರು ನಿಂತು, ಎಷ್ಟೋ ಎಕರೆ ಕರಿಮಣ್ಣು ಸವಳಾಗಿ ಬಿಳಿಯ ಹುಡಿ ಉಗುಳುತ್ತಿರುವುದನ್ನು ನೀವೂ ಕಂಡಿದ್ದೀರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ನೆಲದ ಚಿಕಿತ್ಸೆಗಾಗಿಯೇ ದುಡಿಯುತ್ತಿದ್ದಾರೆ. ಕರಾವಳಿಯ ಕಗ್ಗವನ್ನು ತಂದು ನಮ್ಮ ಹೊಲದಲ್ಲಿ ಬಿತ್ತಿರೆಂದು ನಾನು ಹೇಳುತ್ತಿಲ್ಲ. ಆ ನೆಲದ ಉಪ್ಪನ್ನು ತೊಳೆಯುವ ಮಳೆ ನಮಗಿಲ್ಲ. ಆದರೆ ಉಪ್ಪಿನೊಡನೆ ಬಾಳುವ ಜ್ಞಾನವೊಂದು ನಮ್ಮದೇ ಭಾಷೆಯನ್ನಾಡುವ ಜನರಲ್ಲಿ ಇದ್ದಿತು, ನಮಗೆ ತಿಳಿದಿರಲಿಲ್ಲ. ಮಾರ್ಗದರ್ಶಕನಿಲ್ಲದೆ ಹೋಗಿದ್ದರೆ ಅದನ್ನು ರಾಡಿನೀರಿನ ಹೊಂಡವೆಂದು ಬಗೆದು ಮುಂದೆ ಸಾಗುತ್ತಿದ್ದೆವು.

ಮಿರ್ಜಾನಿನ ಚಿರೆಕಲ್ಲಿನ ಕೋಟೆಯಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಥೆ ಕೇಳಿದೆವು. 16ನೆಯ ಶತಮಾನದಲ್ಲಿ ಈ ಕರಾವಳಿಯ ಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಈ ಜೈನ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಹೊನ್ನಾವರದಲ್ಲಿ ಶರಾವತಿಯನ್ನು ದಾಟಿದ ಬಳಿಕ ಕಡಲಿನ ನಡುವೆ ಒಂದು ದ್ವೀಪವನ್ನು ಬೆರಳಿಟ್ಟು ತೋರಿಸಿ, ‘ಅದು ಬಸವರಾಜದುರ್ಗ, ಕೆಳದಿಯ ಅರಸರ ಕೋಟೆ’ ಎಂದ. ಕೆಳದಿಯ ಬಸವಪ್ಪ ನಾಯಕನು 1709ರಲ್ಲಿ ರಚಿಸಿದ ಶಿವತತ್ತ್ವರತ್ನಾಕರವನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಶಿವಪ್ಪ ನಾಯಕನು 17ನೆಯ ಶತಮಾನದ ನಡುವಿನಲ್ಲಿ ಪೋರ್ಚುಗೀಸರಿಂದ ಹೊನ್ನಾವರ, ಬಸರೂರು, ಮಂಗಳೂರುಗಳ ನೆಲೆಗಳನ್ನು ಕಸಿದುಕೊಂಡುದನ್ನೂ ಈ ಬಂದರುಗಳಿಂದ ಅಕ್ಕಿ ಹೊರದೇಶಗಳಿಗೆ ಸಾಗುತ್ತಿದ್ದುದನ್ನೂ ಬಲ್ಲೆ. ಆದರೆ ಆ ಅರಸರ ಕೋಟೆಯೊಂದು ನೀರಿನ ಮೇಲೆ ಹೀಗೆ ಕಾಣುತ್ತದೆಂದು ಬಲ್ಲವನು ಆ ತರುಣ. ಅಂದು ನಾನು ಶಿಷ್ಯನ ಸ್ಥಾನದಲ್ಲಿ ಕುಳಿತೆ; ಅದರಿಂದ ನನ್ನ ಗೌರವಕ್ಕೇನೂ ಕುಂದು ಬರಲಿಲ್ಲ.

ಸಂಜೆಗೆ ಮುರುಡೇಶ್ವರ ಸೇರಿದೆವು. ಗೋಕರ್ಣದಿಂದ ಅಲ್ಲಿಗೆ ನೇರ ದಾರಿಯಲ್ಲಿ ಸುಮಾರು 80 ಕಿಲೋಮೀಟರು. ಅಷ್ಟಕ್ಕೆ ನಮಗೆ ಒಂದು ಹಗಲು ಸಂದಿತ್ತು. 123 ಅಡಿಯ ಶಿವಮೂರ್ತಿಯ ಕೆಳಗೆ ಕಡಲು ಶಾಂತವಾಗಿ ಹೊಳೆಯುತ್ತಿತ್ತು. ಮೊಮ್ಮಗ ಅಂಗಿಯನ್ನು ತೆಗೆಯತೊಡಗಿದ. ಕಾಲುವೆಯಲ್ಲಿ ಈಜು ಕಲಿತವನು. ನಮ್ಮೂರ ಹುಡುಗರಲ್ಲಿ ಮುಂದಾಳು. ಮಾರ್ಗದರ್ಶಕ ಅವನ ತೋಳು ಹಿಡಿದ. ‘ಇಲ್ಲಿ ಬೇಡ’ ಎಂದ.

‘ಅಲೆಯೇ ಇಲ್ಲವಲ್ಲ, ಅಲ್ಲಿ ನೋಡಿ!’ ಎಂದು ಹುಡುಗ ಎರಡು ಅಲೆಸಾಲುಗಳ ನಡುವೆ ನೀರು ಸಮವಾಗಿದ್ದ ಒಂದು ಕಿರಿದಾದ ಜಾಗವನ್ನು ತೋರಿಸಿದ. ಮಾರ್ಗದರ್ಶಕ ವಾದಕ್ಕಿಳಿಯಲಿಲ್ಲ. ದಂಡೆಯಲ್ಲಿ ಬಿದ್ದಿದ್ದ ಒಂದು ತೆಂಗಿನ ಸಿಪ್ಪೆಯನ್ನು ಎತ್ತಿ ಸರಿಯಾಗಿ ಆ ಜಾಗಕ್ಕೆ ಎಸೆದ. ಅದು ದಡಕ್ಕೆ ಬರಲಿಲ್ಲ. ಯಾರೋ ಹಗ್ಗ ಕಟ್ಟಿ ಎಳೆದಂತೆ ನೇರವಾಗಿ ಕಡಲಿನ ಒಳಕ್ಕೆ ಸಾಗಿತು. ನೋಡನೋಡುತ್ತಿರುವಂತೆಯೇ ಚುಕ್ಕೆಯಾಗಿ ಮರೆಯಾಯಿತು.

ಅಲೆಗಳು ದಂಡೆಗೆ ತಂದ ನೀರು ಮರಳಿ ಹೋಗಲು ದಾರಿ ಹುಡುಕುತ್ತದೆ. ಮರಳಿನ ದಿಣ್ಣೆಗಳ ನಡುವೆ ತಗ್ಗು ಸಿಕ್ಕಿದಲ್ಲಿ ಒಟ್ಟಾಗಿ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ನೋಡುವವರಿಗೆ ಅದೇ ನಿರಾಪಾಯವಾದ ಸ್ಥಳವೆಂದು ತೋರುತ್ತದೆ. ಈ ಸೆಳೆತಕ್ಕೆ ಎದುರಾಗಿ ದಡದ ಕಡೆಗೆ ಈಜಿದವರು ಬಳಲಿ ಮುಳುಗುತ್ತಾರೆ. ಸಿಕ್ಕಿಕೊಂಡವರು ಗಾಬರಿಗೊಳ್ಳದೆ ತೇಲುತ್ತ, ಕೈಯೆತ್ತಿ ಸಹಾಯ ಕೋರಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಅಗಲವನ್ನು ದಾಟಿ ಬಳಿಕ ದಡದತ್ತ ತಿರುಗಬೇಕು. ಕಾಲುವೆಯ ಈಜು ಇದನ್ನು ಕಲಿಸುವುದಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲಿನಲ್ಲಿ ಅಸುನೀಗಿದರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಅದನ್ನು ಹೇಳುವಾಗ ಆ ತರುಣನ ದನಿ ತಗ್ಗಿತು. ಹುಡುಗ ಅಂಗಿಯನ್ನು ಮತ್ತೆ ತೊಟ್ಟುಕೊಂಡ. ಮಗಳು ಏನೂ ಆಡದೆ ಅವನನ್ನು ತನ್ನ ಬಳಿಗೆ ಸೆಳೆದುಕೊಂಡಳು.

ಇಂಥ ಪ್ರವಾಸಕ್ಕೆ ಹೊರಡುವ ಕುಟುಂಬಗಳಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ಹೋಗದಿರುವುದು ಲೇಸು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುವಾಗ ನಮಗಲ್ಲಿ ಏನು ಕೆಲಸ? ಮಾರ್ಗದರ್ಶಕರು ಸ್ಥಳೀಯರೇ, ಗುರುತುಚೀಟಿ ಉಂಟೇ ಎಂದು ವಿಚಾರಿಸಿರಿ. ಸಂಭಾವನೆಯನ್ನು ಮೊದಲೇ ನಿಶ್ಚಯಿಸಿ, ಸಂಜೆ ಚೌಕಾಶಿ ಮಾಡದೆ ಕೊಡಿರಿ. ಒಂದು ಹಗಲಿಗೆ ನಾಲ್ಕೈದು ಸ್ಥಳಗಳು ಸಾಕು. ಮಧ್ಯಾಹ್ನ ಹಿರಿಯರಿಗೆ ಎರಡು ಗಂಟೆಯ ವಿಶ್ರಾಂತಿ ಇರಲಿ. ಅಲ್ಲಿನ ಸೆಕೆಯಲ್ಲಿ ಬೆವರು ಆರುವುದಿಲ್ಲ, ನೀರನ್ನು ಹೆಚ್ಚು ಕುಡಿಯಿರಿ. ದೋಣಿ ಹತ್ತುವ ಮೊದಲು ಪ್ರತಿಯೊಬ್ಬರೂ ಜೀವರಕ್ಷಕ ಅಂಗಿ ತೊಡಿರಿ. ಕೆಂಪು ಬಾವುಟ ಕಂಡಲ್ಲಿ ನೀರಿಗೆ ಕಾಲಿಡಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಬೇಡ’ ಎಂದು ಆ ನೆಲದವರು ಹೇಳಿದಾಗ ‘ನಾವು ಹಣ ಕೊಟ್ಟವರು’ ಎಂದು ವಾದಿಸಬೇಡಿರಿ.

ಅಂಕೋಲೆ ತಾಲೂಕಿನ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಕಾಡಿನ ಮರಗಳ ಬೀಜವನ್ನೂ ಋತುವನ್ನೂ ಬಲ್ಲವರೆಂದು ನಾಡು ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪುಸ್ತಕಕ್ಕೆ ಸೇರದ ಇಂಥ ವಿದ್ಯೆ ನಾಡಿನ ಎಲ್ಲೆಡೆ ಹರಡಿದೆ. ಅದನ್ನು ಕಾಣಬೇಕಾದರೆ ಬಲ್ಲವರ ಹಿಂದೆ ನಿಧಾನವಾಗಿ ನಡೆಯಬೇಕು.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಮೊಮ್ಮಗ ಕಾಲುವೆಯ ಏರಿಯ ಮೇಲೆ ಗೆಳೆಯರೊಡನೆ ನಿಂತಿದ್ದುದನ್ನು ಕಂಡೆ. ಒಂದು ಒಣಕಡ್ಡಿಯನ್ನು ನೀರಿಗೆ ಎಸೆದು ಅದು ಹೋಗುವ ದಿಕ್ಕನ್ನು ಅವರಿಗೆ ತೋರಿಸುತ್ತಿದ್ದ. ಫೋನು ಅವನ ಜೇಬಿನಲ್ಲೇ ಇದ್ದಿತು.