ತಾತನ ಕಡತ ಮೊಮ್ಮಗಳ ಮೊಬೈಲಿನಲ್ಲಿ ಏಕೆ ತೆರೆಯದು?

ಈ ವಾರ ಎರಡು ಪ್ರಶ್ನೆಗಳು. ಒಂದು ಮಗುವಿನದು, ಇನ್ನೊಂದು ಹಿರಿಯರದು. ಎರಡಕ್ಕೂ ಬೇರು ಒಂದೇ ಆದ್ದರಿಂದ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಶಿಡ್ಲಘಟ್ಟದ ಏಳನೇ ತರಗತಿಯ ಹುಡುಗಿ ಕೇಳುತ್ತಾಳೆ: “ನಮ್ಮ ತಾತ ಹಳೇ ಕಂಪ್ಯೂಟರಿನಲ್ಲಿ ನಮ್ಮ ಮನೆತನದ ಕತೆಯನ್ನೆಲ್ಲ ಟೈಪ್ ಮಾಡಿ ಇಟ್ಟಿದ್ದಾರೆ. ಪೆನ್‌ಡ್ರೈವ್‌ನಲ್ಲಿ ತಂದು ಅಪ್ಪನ ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ಕಡತ ಕೆಟ್ಟುಹೋಗಿದೆಯೇ?”

ಚಿಂತಾಮಣಿಯ ಹಿರಿಯರೊಬ್ಬರು ಸಣ್ಣ ಸಂಘವೊಂದರ ಲೆಕ್ಕ ನೋಡಿಕೊಳ್ಳುತ್ತಾರೆ. ಅವರ ಪ್ರಶ್ನೆ: “ಸದಸ್ಯರ ಪಟ್ಟಿ, ಷೇರಿನ ಲೆಕ್ಕ, ಸಭೆಯ ನಡಾವಳಿ ಎಲ್ಲವೂ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿವೆ. ಈಗ ಹೊಸದೊಂದನ್ನು ಕೊಂಡೆವು. ಎರಡನ್ನೂ ಒಂದೇ ನೆಟ್‌ವರ್ಕಿಗೆ ಜೋಡಿಸಿದರೂ ಹೊಸದಕ್ಕೆ ಹಳೆಯದರ ಫೋಲ್ಡರ್ ಕಾಣುವುದಿಲ್ಲ. ರಿಪೇರಿಯವನು ಹಳೆಯದನ್ನು ಗುಜರಿಗೆ ಹಾಕಿ ಎನ್ನುತ್ತಾನೆ. ಹಾಕಲೇ?”

ಮೊದಲು ಚುಟುಕು ಉತ್ತರ. ಮಗೂ, ಕಡತ ಕೆಟ್ಟಿಲ್ಲ. ಸ್ವಾಮೀ, ಗುಜರಿಗೆ ಈಗಲೇ ಹಾಕಬೇಡಿ. ಇನ್ನು ವಿವರಕ್ಕೆ ಬರೋಣ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಂಕಿಗೆ ಯಾವ ಅಕ್ಷರ ತೋರಿಸಬೇಕು ಎಂದು ನಾವು ಮೊದಲೇ ಮಾತಾಡಿಕೊಂಡಿರಬೇಕು. ಹಳೆಯ ಕಾಲದ ಏರ್ಪಾಡಿನಲ್ಲಿ ಅಕ್ಷರಗಳಿಗೆ ಇದ್ದದ್ದು ಒಟ್ಟು 256 ಮನೆಗಳು. ಇಂಗ್ಲಿಷಿನವರು, ಯೂರೋಪಿನವರು ಅವನ್ನು ಮೊದಲೇ ತುಂಬಿಬಿಟ್ಟಿದ್ದರು. ನಮ್ಮ ಕನ್ನಡಕ್ಕೋ ಕಾಗುಣಿತ ಬೇಕು, ಒತ್ತಕ್ಷರ ಬೇಕು. ಎಲ್ಲಕ್ಕೂ ಒಂದೊಂದು ಮನೆ ಎಂದರೆ 256 ಎಲ್ಲಿ ಸಾಕಾದೀತು?

ಆಗ ನಮ್ಮವರು ಒಂದು ಜಾಣತನ ಮಾಡಿದರು. ಅಕ್ಷರಗಳನ್ನು ತುಂಡು ಮಾಡಿದರು. ‘ಕ’ದ ಮೈ ಒಂದು ತುಂಡು, ಅದರ ತಲೆಕಟ್ಟು ಇನ್ನೊಂದು ತುಂಡು, ‘ನ’ದ ಒತ್ತು ಮತ್ತೊಂದು. ಒಂದೇ ತಲೆಕಟ್ಟನ್ನು ‘ಕ’ಕ್ಕೂ ‘ಡ’ಕ್ಕೂ ಇಡಬಹುದಲ್ಲ! ಈ ತುಂಡುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ಅಂದರೆ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಮೇಲೆ ತೊಡಿಸಿರುವುದು ಕನ್ನಡದ ಮುಖವಾಡ. ಆ ಮುಖವಾಡದ ಹೆಸರೇ ಫಾಂಟ್.

ನಿನ್ನ ತಾತ ಬಹುಶಃ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ. ಪೌಂಡಿನ ಗುರುತೇ ಅದಕ್ಕೆ ಸುಳಿವು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಬರೆದು ಮುಖವಾಡ ತೆಗೆದರೆ ಕಾಣುವುದು ಹೀಗೆ: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೆ ಅದೇ ‘ಎ’, ‘ಬಿ’ಯಂತೆ ಕಾಣುವ ಜರ್ಮನ್ ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಮತ್ತೆ ಅದೇ ‘ಎ’. ಒಟ್ಟು ಏಳು ತುಂಡು. ಮೂರು ಸಲ ಬಂದ ಆ ‘ಎ’ ಯಾರು ಗೊತ್ತೇ? ನಮ್ಮ ತಲೆಕಟ್ಟು! ಪೌಂಡಿನ ವೇಷ ಹಾಕಿರುವುದು ‘ನ’ದ ಮೈ. ಮೊಬೈಲಿನಲ್ಲಿ ನುಡಿಯ ಫಾಂಟ್ ಇಲ್ಲ, ಅದಕ್ಕೇ ಮುಖವಾಡ ಕಳಚಿ ಬಿದ್ದಿದೆ. ಒಳಗಿನ ಮಾತು ಹಾಗೇ ಭದ್ರವಾಗಿದೆ.

ಇದನ್ನು ನೋಡಿ ಹಳಬರನ್ನು ನಗಬೇಡಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತು ಹೊರತಂದ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಬಿಡುಗಡೆ ಮಾಡಿದ ಬರಹ, ಇವೆಲ್ಲ ಇದ್ದುದರಿಂದಲೇ ಊರೂರಿನ ಕಂಪ್ಯೂಟರುಗಳಲ್ಲಿ ಕನ್ನಡ ಮೂಡಿತು. ತೊಂದರೆ ಒಂದೇ. ಒಬ್ಬೊಬ್ಬರ ಮನೆ ಹಂಚಿಕೆ ಒಂದೊಂದು ಥರ. ನುಡಿಯಲ್ಲಿ ಬರೆದದ್ದು ಶ್ರೀಲಿಪಿಗೆ ತಿಳಿಯದು, ಅಲ್ಲಿಯದು ಇಲ್ಲಿ ತಿಳಿಯದು.

ಈ ಗೊಂದಲ ಕಳೆಯಲು ಬಂದದ್ದು ಯುನಿಕೋಡ್. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಬೀದಿ, ಪ್ರತಿ ಅಕ್ಷರಕ್ಕೂ ಸ್ವಂತ ಬಾಗಿಲ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಕನ್ನಡದ ಬೀದಿ 3200ರಿಂದ 3327ರವರೆಗೆ. ಪಕ್ಕದ ಬೀದಿ ಯಾರದು ಗೊತ್ತೇ? 3072ರಿಂದ 3199ರವರೆಗೆ ತೆಲುಗಿನದು! ನಮ್ಮ ಗೌರಿಬಿದನೂರು, ಚಿಂತಾಮಣಿ ಕಡೆಯ ಮನೆಗಳ ಹಾಗೆಯೇ. ಅಜ್ಜಿ ತೆಲುಗಿನಲ್ಲಿ ಗದರುತ್ತಾರೆ, ಮೊಮ್ಮಗ ಕನ್ನಡದಲ್ಲಿ ಮಾರುತ್ತರ ಕೊಡುತ್ತಾನೆ. ಕನ್ನಡದ ‘ಕ’ 3221ನೇ ಮನೆ, ತೆಲುಗಿನ ‘ಕ’ 3093ನೇ ಮನೆ. ಕಳೆದು ನೋಡಿ, ಸರಿಯಾಗಿ 128. ‘ನ’ ತೆಗೆದುಕೊಂಡರೂ ಅಂತರ ಅಷ್ಟೇ.

ಯುನಿಕೋಡ್‌ನಲ್ಲಿ ‘ಕನ್ನಡ’ ಎಂದರೆ 3221, 3240, 3277, 3240, 3233. ಎರಡು ಸಲ ಬಂದ 3240 ಯಾವ ಅಕ್ಷರ, ಅವುಗಳ ನಡುವೆ ಕೂತ 3277 ಏನು ಎಂದು ಮಕ್ಕಳು ಯೋಚಿಸಲಿ. (ಸುಳಿವು: ಅದು ಅಕ್ಷರವಲ್ಲ, ಎರಡು ‘ನ’ಗಳನ್ನು ಬೆಸೆಯುವ ಗುರುತು.) ವಿಂಡೋಸ್ 98ಕ್ಕೆ ಈ ಬೀದಿಯ ದಾರಿ ಗೊತ್ತಿರಲಿಲ್ಲ. 2001ರಲ್ಲಿ ಬಂದ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟ್ ಬಂತು. ಆದರೂ ಕೈಗೆ ಹಳೆಯದೇ ರೂಢಿಯಾಗಿತ್ತು. ಎಷ್ಟೋ ಕಡೆ ಅನೇಕ ವರ್ಷ ಹಳೆಯ ಫಾಂಟಿನಲ್ಲೇ ಕೆಲಸ ನಡೆಯಿತು.

ಇನ್ನು ಚಿಂತಾಮಣಿಯವರ ಪ್ರಶ್ನೆ. ಅಕ್ಷರಗಳಿಗೆ ಒಪ್ಪಂದ ಬೇಕಾದಂತೆ, ಎರಡು ಯಂತ್ರಗಳು ಮಾತಾಡಲೂ ಒಪ್ಪಂದ ಬೇಕು. ವಿಂಡೋಸ್ ಕಂಪ್ಯೂಟರುಗಳು ಫೋಲ್ಡರು, ಪ್ರಿಂಟರು ಹಂಚಿಕೊಳ್ಳುವಾಗ ಆಡುವ ಮಾತಿಗೆ ಎಸ್‌ಎಂಬಿ ಎಂದು ಹೆಸರು. ಎಕ್ಸ್‌ಪಿಗೆ ಗೊತ್ತಿರುವುದು ಅದರ ಮೊದಲ ಆವೃತ್ತಿ ಮಾತ್ರ. 2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಆ ಮೊದಲ ಆವೃತ್ತಿಯ ಒಂದು ಬಿರುಕಿನಿಂದಲೇ ನುಗ್ಗಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸುವಂತಾಯಿತು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಆ ಹಳೆಯ ಮಾತನ್ನು ಮೊದಲೇ ತೆಗೆದು ಕೊಡಲು ಶುರುಮಾಡಿದರು.

ಹಾಗಾಗಿ ನಿಮ್ಮ ಹೊಸ ಯಂತ್ರಕ್ಕೆ ಕಣ್ಣು ಕಾಣುತ್ತಿಲ್ಲ ಎಂದಲ್ಲ. ಆ ಬಾಗಿಲು ತೆರೆಯಬೇಡ ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಟಿಕ್ ಹಾಕಿ ಆ ಬಾಗಿಲು ತೆರೆಸಿ ಕೊಡುವವರು ಸಿಗುತ್ತಾರೆ. ಇಂಟರ್‌ನೆಟ್ ಇರುವ ಕಚೇರಿಯಲ್ಲಿ ಅದನ್ನು ಮಾಡಿಸಬೇಡಿ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಎಟಿಎಂಗಳನ್ನು ಬೆಂಬಲವಿಲ್ಲದ ಇಂಥ ಹಳೆಯ ವ್ಯವಸ್ಥೆಗಳಿಂದ 2019ರ ಜೂನ್ ಒಳಗೆ ಬಿಡಿಸಿ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಗಡುವು ಕೊಟ್ಟಿತ್ತು. ಬ್ಯಾಂಕಿಗೆ ಬೇಡವಾದ ಅಪಾಯ ಸಂಘಕ್ಕೂ ಬೇಡ.

ಹಾಗಾದರೆ ದಾರಿ? ಬ್ಯಾಂಕುಗಳಲ್ಲಿ ಕೈಬರಹದ ಲೆಡ್ಜರಿನಿಂದ ಯಂತ್ರಕ್ಕೆ ಬಂದ ಕಾಲದಲ್ಲಿ ನಮಗೊಂದು ಕಟ್ಟುನಿಟ್ಟು ಇತ್ತು. ಕೆಲವು ಕಾಲ ಲೆಡ್ಜರನ್ನೂ ಬರೆಯಬೇಕು, ಯಂತ್ರದಲ್ಲೂ ಹಾಕಬೇಕು. ಎರಡರ ಬಾಕಿ ತಾಳೆಯಾಗುವವರೆಗೆ ಲೆಡ್ಜರು ಮುಚ್ಚುವಂತಿಲ್ಲ. ಕೆಲಸ ಎರಡರಷ್ಟು, ಗೊಣಗಾಟ ನಾಲ್ಕರಷ್ಟು. ಆದರೆ ಯಾವ ಗ್ರಾಹಕನ ದುಡ್ಡೂ ಹಳೆಯದಕ್ಕೂ ಹೊಸದಕ್ಕೂ ನಡುವೆ ಬಿದ್ದು ಕಳೆದುಹೋಗಬಾರದು ಎಂಬುದೇ ಅದರ ಉದ್ದೇಶ. ತಾತನ ಕಡತಕ್ಕೂ ಸಂಘದ ಪಟ್ಟಿಗೂ ಅದೇ ನಿಯಮ.

1. ಹಳೆಯ ಕಂಪ್ಯೂಟರಿನ ಇಂಟರ್‌ನೆಟ್ ತಂತಿಯನ್ನು ಮೊದಲು ಕಿತ್ತಿಡಿ. ಯಾರು ಹೇಳಿದರೂ ಅದನ್ನು ಫಾರ್ಮ್ಯಾಟ್ ಮಾಡಿಸಬೇಡಿ.

2. ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ಎಕ್ಸ್‌ಪಿ ಅದನ್ನು ಗುರುತಿಸುತ್ತದೆ. ವಿಂಡೋಸ್ 98 ಆದರೆ ಡ್ರೈವರ್ ಬೇಕು, ತಿಳಿದವರ ಸಹಾಯ ಪಡೆಯಿರಿ. ಹೊಸ ಕಂಪ್ಯೂಟರಿನಲ್ಲಿ ತೆರೆಯುವ ಮುನ್ನ ವೈರಸ್ ತಪಾಸಣೆ ಆಗಲಿ. ಹಳೆಯದು ಆನ್ ಆಗದಿದ್ದರೂ ಆಸೆ ಬಿಡಬೇಡಿ. ಎಷ್ಟೋ ಸಲ ಯಂತ್ರ ಸತ್ತರೂ ಒಳಗಿನ ಹಾರ್ಡ್‌ಡಿಸ್ಕ್ ಬದುಕಿರುತ್ತದೆ. ಅದನ್ನು ಹೊರತೆಗೆದು ಹೊಸದಕ್ಕೆ ಜೋಡಿಸುವ ಕೇಬಲ್ ಸಿಗುತ್ತದೆ.

3. ಯುನಿಕೋಡ್‌ಗೆ ಬದಲಿಸಿ. ನುಡಿ, ಬರಹ ಎರಡರಲ್ಲೂ ಅದಕ್ಕೆ ಪರಿವರ್ತಕ ಉಂಟು. ಬದಲಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮೂಲವನ್ನು ಮುಟ್ಟಬೇಡಿ.

4. ತಾಳೆ ನೋಡಿ. ಇದೇ ಮುಖ್ಯ ಹೆಜ್ಜೆ. ವಿಶೇಷವಾಗಿ ಅರ್ಕಾವೊತ್ತು ನೋಡಿ. ‘ಧರ್ಮ’ ಎಂಬಲ್ಲಿ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ‘ಮ’ದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಪರಿವರ್ತಕ ಎಡವುವುದು ಇಂಥ ಜಾಗದಲ್ಲೇ. ಸದಸ್ಯರ ಹೆಸರೊಂದು ತಪ್ಪಾದರೆ ನಾಳೆ ಷೇರು ಯಾರದೆಂದು ಜಗಳ ಬಂದೀತು. ಒಬ್ಬರು ಹಳೆಯದನ್ನು ನೋಡಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೊಸದರಲ್ಲಿ ಟಿಕ್ ಹಾಕಲಿ. ಬ್ಯಾಂಕಿನಲ್ಲಿ ನಾವು ಮಾಡುತ್ತಿದ್ದದ್ದೂ ಹೀಗೆಯೇ.

5. ಎರಡು ನಕಲು, ಎರಡು ಬೇರೆ ಮನೆಗಳಲ್ಲಿ. ಜೊತೆಗೆ ಒಂದು ಪ್ರತಿ ಕಾಗದದಲ್ಲಿ. ಕಾಗದಕ್ಕೆ ಯಾವ ಫಾಂಟೂ ಬೇಡ.

ಇಷ್ಟಾದ ಮೇಲೆ ಹಳೆಯ ಯಂತ್ರವನ್ನು ಧಾರಾಳವಾಗಿ ಕಳಿಸಿಕೊಡಿ, ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಂಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲವೂ ಮುಗಿಯಿತು. ಇಂದಿನ ಹೊಸದೂ ಒಂದು ದಿನ ಹಳೆಯದೇ. ಆದ್ದರಿಂದ ಈ ತಾಳೆ ನೋಡುವ ಅಭ್ಯಾಸ ಮಕ್ಕಳಿಗೂ ಆಗಲಿ.

ಶಿಡ್ಲಘಟ್ಟದ ಪುಟ್ಟಿಗೆ ಒಂದು ಮಾತು. ನಾಲ್ಕನೇ ಹೆಜ್ಜೆಗೆ ತಾತನನ್ನೇ ಕೂರಿಸಿಕೋ. ಯಾವ ಮುತ್ತಜ್ಜಿ ಯಾವ ಊರಿನಿಂದ ಬಂದವರು, ಯಾವ ಹೆಸರು ಹೇಗೆ ಬರೆಯಬೇಕು ಎಂಬುದು ಪರಿವರ್ತಕಕ್ಕೆ ತಿಳಿಯದು, ಅವರಿಗೆ ತಿಳಿಯುತ್ತದೆ. ಅವರು ಹೇಳುವ ಸ್ಥಿತಿಯಲ್ಲಿರುವಾಗಲೇ ಈ ಕೆಲಸ ಮುಗಿಸು.

ಉಳಿದ ಮಕ್ಕಳಿಗೆ ಈ ವಾರದ ಕೆಲಸ: ಮನೆಯ ಹಳೆಯ ಕಡತಗಳಲ್ಲಿ ವಿಳಾಸ ಹುಡುಕಿ. ನಮ್ಮ ಊರುಗಳ ಹೆಸರಿನ ಮುಂದೆ ‘ಕೋಲಾರ ಜಿಲ್ಲೆ’ ಎಂದಿದ್ದರೆ ಅದು ಬಹುಮಟ್ಟಿಗೆ 2007ಕ್ಕಿಂತ ಹಿಂದಿನದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು ಆ ವರ್ಷ. ಅಂಥ ಕಡತ ಸಿಕ್ಕರೆ ಅದನ್ನೇ ಮೊದಲು ಉಳಿಸಿ.