ನಾಯಿಗೆ ಕುರ್ಚಿ, ಮನುಷ್ಯನಿಗೆ ಜಗುಲಿ



ಬೆಂಗಳೂರಿನ ಓದಿಕೊಂಡ ಜನಕ್ಕೆ ಈಗೊಂದು ದೊಡ್ಡ ಪ್ರಶ್ನೆ ಎದ್ದಿದೆ. ಸಾಕಿದ ನಾಯಿಯನ್ನು ಹೋಟೆಲಿನೊಳಕ್ಕೆ, ಬೇಕರಿಯೊಳಕ್ಕೆ, ದಿನಸಿ ಅಂಗಡಿಯೊಳಕ್ಕೆ ಬಿಡಬೇಕೋ ಬೇಡವೋ? ಬಿಡಲೇಬೇಕು, ಅದು ನಮ್ಮ ಮಗು ಇದ್ದ ಹಾಗೆ ಅಂತ ಒಂದು ಗುಂಪು. ಛೀ, ತಿನ್ನೋ ಪದಾರ್ಥ ಇರೋ ಕಡೆ ಪ್ರಾಣಿ ಎಂಥದು, ಗಲೀಜು ಅಂತ ಇನ್ನೊಂದು ಗುಂಪು. ಎರಡೂ ಒಂದೇ ಬಡಾವಣೆಯ ಗುಂಪುಗಳೇ. ಇವರ ಜಗಳದಲ್ಲಿ ನಮಗೇನು ಕೆಲಸ ಎಂದು ಹಾಸ್ಟೆಲಿನ ತಮ್ಮಂದಿರು ಕೇಳಬಹುದು. ಕೆಲಸ ಇದೆ. ತಿನ್ನುವ ಜಾಗದೊಳಕ್ಕೆ ಯಾರು ಬರಬಹುದು, ಯಾರು ಬರಬಾರದು ಅನ್ನುವ ವಿಷಯದಲ್ಲಿ ಈ ನಾಡಿನಲ್ಲಿ ನಮಗಿಂತ ಅನುಭವಸ್ಥರು ಯಾರಿದ್ದಾರೆ, ಹೇಳಿ?

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಹಟ್ಟಿಯಲ್ಲಿ ಹುಟ್ಟಿದವರಿಗೆ ನಾಯಿ ಹೊಸದಲ್ಲ. ನಮ್ಮ ಗುಡಿಸಲಿಗೆ ಬಾಗಿಲಿಲ್ಲದ ಕಾಲದಲ್ಲಿ ನಾಯಿಯೇ ಬಾಗಿಲಾಗಿತ್ತು. ಬಾಬಾಸಾಹೇಬರ ಒಂದು ಫೋಟೋ ನೋಡಿರುತ್ತೀರಿ. 1934ರ ಫೆಬ್ರವರಿಯಲ್ಲಿ ರಾಜಗೃಹದಲ್ಲಿ ತೆಗೆದದ್ದು. ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಅವರ ಜೊತೆಗೆ ಮನೆಯ ನಾಯಿ ಟೋಬಿ. ಬಾಬಾಸಾಹೇಬರ ಮನೆಯಲ್ಲಿ ನಾಯಿಗೆ ಜಾಗ ಇತ್ತು. ಆದ್ದರಿಂದ ನಾವು ನಾಯಿಯನ್ನು ಬೈಯುತ್ತಿದ್ದೇವೆ ಎಂದು ಯಾರೂ ತಿರುಚಬೇಡಿ.

ನಮ್ಮನ್ನೂ ನಾಯಿಯನ್ನೂ ಒಂದೇ ಗೂಟಕ್ಕೆ ಕಟ್ಟಿದವನು ಮನು. ಚಂಡಾಲ ಶ್ವಪಚರು ಊರ ಹೊರಗೆ ಇರಬೇಕು, ಅವರು ಉಂಡ ಪಾತ್ರೆ ಮತ್ತೆ ಬಳಕೆಗೆ ಬರಬಾರದು, ನಾಯಿ ಕತ್ತೆಗಳೇ ಅವರ ಆಸ್ತಿ ಎಂದು ಹತ್ತನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಾನೆ. ಶ್ವಪಚ ಎಂದರೆ ನಾಯಿಯನ್ನು ಬೇಯಿಸಿ ತಿನ್ನುವವನು. ಮನೆ, ಲೋಟ, ನಾಯಿ ಮೂರಕ್ಕೂ ಒಟ್ಟಿಗೇ ತೀರ್ಪು ಕೊಟ್ಟು ಕೈತೊಳೆದುಕೊಂಡ. ಇವತ್ತು ಅದೇ ನಾಯಿಗೆ ಭಡ್ತಿ ಸಿಕ್ಕಿದೆ. ಹೊರದೇಶದ ತಳಿ, ಕೊರಳಿಗೆ ಬೆಲ್ಟು, ಕುರ್ಚಿಯ ಮೇಲೆ ಮೆತ್ತೆ, ಕೆಲವು ಕಡೆ ಅದಕ್ಕೇ ಅಂತ ಬೇರೆ ಮೆನು ಕಾರ್ಡು. ಸಂತೋಷ. ಮನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಇಬ್ಬರಲ್ಲಿ ಒಬ್ಬರು ಕುರ್ಚಿ ಹತ್ತಿದರು. ಇನ್ನೊಬ್ಬರು ಎಲ್ಲಿದ್ದಾರೆ ಎಂದು ಕೇಳುವುದು ತಪ್ಪೇ?

ನಾಯಿಪ್ರಿಯರು ಕೂಡಲೇ ಪುರಾಣ ತೆಗೆಯುತ್ತಾರೆ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗದೊಳಕ್ಕೆ ಬರಲೊಲ್ಲೆ ಅಂದನಲ್ಲ ಅನ್ನುತ್ತಾರೆ. ಅದೇ ಮಹಾಭಾರತದ ಮೊದಲ ತುದಿಯಲ್ಲೂ ಒಂದು ನಾಯಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಜನಮೇಜಯನ ಯಾಗದ ಹತ್ತಿರಕ್ಕೆ ಸರಮೆಯ ಮರಿ ಬಂತು. ರಾಜನ ತಮ್ಮಂದಿರು ಹಿಡಿದು ಬಡಿದರು. ಮರಿ ಅಳುತ್ತಾ ಹೋಗಿ ತಾಯಿಗೆ ಹೇಳಿತು: ನಾನು ಹವಿಸ್ಸನ್ನು ನೆಕ್ಕಲಿಲ್ಲ, ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸರಮೆ ಯಾಗಶಾಲೆಗೇ ಬಂದು, ತಪ್ಪು ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳಿದಳು. ಅಷ್ಟು ಜನ ವೇದ ಓದಿದವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ನಮಗೆ ಸ್ವರ್ಗದ ಬಾಗಿಲಿನ ನಾಯಿಗಿಂತ ಈ ನಾಯಿಯ ತಾಯಿ ಹತ್ತಿರದವಳು. ಮುಟ್ಟದೆ ಇದ್ದರೂ ಮುಟ್ಟಿದೆ ಎಂದು ಬಡಿಸಿಕೊಂಡ ಮಕ್ಕಳ ತಾಯಂದಿರು ನಮ್ಮ ಕೇರಿಗಳಲ್ಲಿ ಎಷ್ಟು ಜನ ಇಲ್ಲ!

ಮಹಾಡದ ಚವದಾರ್ ಕೆರೆಯ ಕತೆ ನಿಮಗೆ ಗೊತ್ತು. ದನ ಕುಡಿಯಬಹುದು, ನಾಯಿ ಕುಡಿಯಬಹುದು, ನಾವು ಕುಡಿಯಕೂಡದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಇಳಿದು ಬೊಗಸೆ ನೀರು ಕುಡಿದರು. ಆಮೇಲೆ ಪುರೋಹಿತಶಾಹಿ ಏನು ಮಾಡಿತು? ಸೆಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಮಡಕೆ ಸುರಿದು ಕೆರೆಯನ್ನು ಶುದ್ಧ ಮಾಡಿತು. ಹಸುವಿನ ಹೊಟ್ಟೆಯಿಂದ ಹೊರಬಿದ್ದದ್ದು ನೀರನ್ನು ಶುದ್ಧ ಮಾಡುತ್ತದೆ, ಮನುಷ್ಯನ ತುಟಿ ಕೆಡಿಸುತ್ತದೆ! ಇದು ಹಳೆಯ ಕತೆ ಅನ್ನುವವರು ಚಾಮರಾಜನಗರದ ಹೆಗ್ಗೊಠಾರಕ್ಕೆ ಬನ್ನಿ. 2022ರ ನವೆಂಬರಿನಲ್ಲಿ ಮದುವೆಗೆಂದು ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯ ನಲ್ಲಿಗೆ ಬಾಯಿ ಕೊಟ್ಟಳು. ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲದಲ್ಲಿ ತೊಳೆದರು. ಮಹಾಡದಿಂದ ಹೆಗ್ಗೊಠಾರಕ್ಕೆ ತೊಂಬತ್ತೈದು ವರ್ಷ. ಗಂಜಲ ಮಾತ್ರ ಬದಲಾಗಿಲ್ಲ.

ಈಗ ಕಾನೂನಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಒಂದು ಕಾನೂನು ನಾಯಿಯದು. 2006ರ ಆಹಾರ ಸುರಕ್ಷತೆ ಕಾಯ್ದೆ ಇದೆ. ಅದರಡಿ 2011ರಲ್ಲಿ ಲೈಸೆನ್ಸಿನ ನಿಯಮಗಳು ಬಂದವು. ಅದರ ನಾಲ್ಕನೆಯ ಅನುಸೂಚಿ, ಆಹಾರದ ಉದ್ಯಮ ನಡೆಯುವ ಜಾಗದೊಳಕ್ಕೆ ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಬಿಡಕೂಡದು ಅನ್ನುತ್ತದೆ. ಕಾರಣ ಸರಿಯಾದದ್ದೇ. ಕೂದಲು ಉದುರುತ್ತದೆ, ಜೊಲ್ಲು ಬೀಳುತ್ತದೆ, ನಾಯಿಯ ಮಲದಲ್ಲಿರುವ ಹುಳದ ಮೊಟ್ಟೆ ಊಟದೊಳಕ್ಕೆ ಸೇರಿದರೆ ಮನುಷ್ಯನ ಲಿವರಿನಲ್ಲಿ ನೀರುಗಂಟು ಕಟ್ಟುತ್ತದೆ. ಇದು ವಿಜ್ಞಾನ. ಜಾತಿ ಅಲ್ಲ. ಕಣ್ಣಿಲ್ಲದವರಿಗೆ ದಾರಿ ತೋರುವ ನಾಯಿಯ ಮಾತು ಬೇರೆ. ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ ಅಂಥ ನಾಯಿಯನ್ನು ಹೋಟೆಲಿನವರು ತಡೆಯುವ ಹಾಗಿಲ್ಲ. ಅಲ್ಲಿ ನಾಯಿ ಒಳಕ್ಕೆ ಹೋಗುವುದು ಒಬ್ಬ ಮನುಷ್ಯನ ಹಕ್ಕಿನ ಜೊತೆಗೆ, ಯಾರದೋ ಶೋಕಿಯ ಜೊತೆಗಲ್ಲ.

ಇನ್ನೊಂದು ಕಾನೂನು ನಮ್ಮದು. 1950ರ ಜನವರಿ 26ರಿಂದ ಜಾರಿಯಲ್ಲಿರುವ ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗ: ಅಂಗಡಿಗೆ, ಹೋಟೆಲಿಗೆ, ಸಾರ್ವಜನಿಕ ಉಪಾಹಾರ ಗೃಹಕ್ಕೆ ಹೋಗುವ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಕೂಡದು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. 1955ರ ಕಾಯ್ದೆ, ಅದರ ಹೆಸರು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದಾಯಿತು, ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಯನ್ನು ಬಳಸಲು ಬಿಡದವನಿಗೂ ಜೈಲು ಎಂದು ಬರೆದಿದೆ. ಹೌದು, ಲೋಟದ ಮಾತು ಕಾನೂನಿನ ಪುಸ್ತಕದಲ್ಲೇ ಇದೆ.

ಈ ಎರಡು ಕಾನೂನನ್ನು ಅಕ್ಕಪಕ್ಕ ಇಟ್ಟು ನೋಡಿ. ನಾಯಿ ಬರಕೂಡದು ಅನ್ನುತ್ತದೆ ಒಂದು, ಮನುಷ್ಯ ಬರಬಹುದು ಅನ್ನುತ್ತದೆ ಇನ್ನೊಂದು. ನಗರದಲ್ಲಿ ಮೊದಲನೆಯದನ್ನು ಮುರಿಯುತ್ತಾರೆ. ಹಳ್ಳಿಯಲ್ಲಿ ಎರಡನೆಯದನ್ನು ಮುರಿಯುತ್ತಾರೆ. ಎರಡು ಕಡೆಯೂ ಮುರಿಯುವ ಕೈ ಉಳ್ಳವರ ಕೈ. ನಾಯಿಗೆ ಬಾಗಿಲು ತೆರೆದದ್ದು ಪ್ರಾಣಿಪ್ರೀತಿ ಎನಿಸಿಕೊಂಡು ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ನಮಗೆ ಬಾಗಿಲು ಮುಚ್ಚಿದ್ದು ಊರ ಪದ್ಧತಿ ಎನಿಸಿಕೊಂಡು ಸುದ್ದಿಯೇ ಆಗುವುದಿಲ್ಲ. ಶುಚಿ ಶುಚಿ ಎಂದು ಬಡಕೊಳ್ಳುವವರೇ, ನಿಮ್ಮ ಶುಚಿ ಯಾವುದು? ಹುಳದ ಮೊಟ್ಟೆಗೆ ಹೆದರದವರು ನಮ್ಮ ಬೆರಳಿಗೆ ಹೆದರುತ್ತೀರಲ್ಲ!

ಲೋಟದ ಚರಿತ್ರೆಯನ್ನು ಯಾರಾದರೂ ಎಂ.ಎ. ಹುಡುಗರು ಬರೆಯಬೇಕು. ನಮ್ಮ ತಾತನ ಕಾಲಕ್ಕೆ ತೆಂಗಿನ ಕರಟ. ಹೋಟ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೇಲಿಂದ ಹುಯ್ದದ್ದನ್ನು ಹಿಡಿದು ಕುಡಿಯಬೇಕು. ಅಪ್ಪನ ಕಾಲಕ್ಕೆ ಸೂರಿನ ಸಂದಿಯಲ್ಲಿ ಸಿಕ್ಕಿಸಿದ ಸೊಟ್ಟ ಲೋಟ. ತಾನೇ ತಗೋಬೇಕು, ಕುಡಿದು ತೊಳೆದು ತಾನೇ ಸಿಕ್ಕಿಸಬೇಕು. ದುಡ್ಡು ಮಾತ್ರ ಅಷ್ಟೇ, ನಾಲ್ಕು ಕಾಸೂ ಕಡಿಮೆ ಇಲ್ಲ. ನಮ್ಮ ಚಳವಳಿ ಹಳ್ಳಿಹಳ್ಳಿಗೆ ಹೋಗಿ ಆ ಲೋಟಗಳನ್ನು ಒಡೆಯಿತು. ಆಮೇಲೆ ಏನಾಯಿತು? ಬಿಸಾಡುವ ಲೋಟ ಬಂತು. ಗೌಡರ ಮಗ ಬಂದರೆ ಗಾಜಿನ ಲೋಟ, ನಮ್ಮ ಹುಡುಗ ಬಂದರೆ ಕೈ ತಾನಾಗಿ ಪ್ಲಾಸ್ಟಿಕ್ಕಿನ ಕಡೆಗೆ ಹೋಗುತ್ತದೆ. ಕೇಳಿದರೆ, "ಹೈಜೀನು ಕಣಪ್ಪ, ಕಾಲ ಬದಲಾಗಿದೆ." ಬದಲಾಗಿದೆ ನಿಜ. ಉಂಡ ಪಾತ್ರೆ ಮತ್ತೆ ಬಳಕೆಗೆ ಬರಬಾರದು ಅಂದ ಮನುವಿಗೆ ಇಷ್ಟು ಅಗ್ಗದ ಉಪಾಯ ಹೊಳೆದಿರಲಿಲ್ಲ. ಎಲ್ಲರಿಗೂ ಕಾಗದದ ಲೋಟ ಕೊಡುವ ಅಂಗಡಿಯ ಮೇಲೆ ನಮಗೆ ತಕರಾರಿಲ್ಲ. ಕಣ್ಣಲ್ಲೇ ಜಾತಿ ಅಳೆದು ಲೋಟ ಎತ್ತುವ ಕೈಯ ಮೇಲೆ ನಮ್ಮ ತಕರಾರು.

ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ನಮ್ಮವರು ಕೇಳಿದ್ದು ಏನು ದೊಡ್ಡದು? ಕ್ಷೌರದಂಗಡಿಯೊಳಕ್ಕೆ, ಹೋಟೆಲಿನೊಳಕ್ಕೆ ಬಿಡಿ ಅಂದರು. 2014ರ ಆಗಸ್ಟಿನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೋರ್ಟಿನ ತೀರ್ಪು ಬರಲು ಹತ್ತು ವರ್ಷ ಹಿಡಿಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶವೆಲ್ಲ ಬೆರಗಾಯಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕ ಎಲ್ಲರಿಗೂ ಜಾಮೀನು ಸಿಕ್ಕಿತು. ಇಡ್ಲಿ ತಿನ್ನಲು ಒಳಗೆ ಕೂರುತ್ತೇವೆ ಅಂದದ್ದಕ್ಕೆ ತೆತ್ತ ಬೆಲೆ ಇದು. ನಾಯಿಗೆ ಕುರ್ಚಿ ಕೇಳಿದವರ ಮನೆಗೆ ಬೆಂಕಿ ಬಿದ್ದದ್ದು ಎಲ್ಲಾದರೂ ಕೇಳಿದ್ದೀರಾ?

ನಗರ ಅಂದರೆ ಸ್ವರ್ಗ ಅಂದುಕೊಂಡು ಬಂದೆವಲ್ಲ, ಇಲ್ಲಿಯೂ ನೋಡಿ. ಗಾಜಿನ ಬಾಗಿಲಿನ ಒಳಗೆ ತಂಪಿನಲ್ಲಿ ನಾಯಿ ಮಲಗಿದೆ. ಹೊರಗೆ ಬಿಸಿಲಲ್ಲಿ ನಮ್ಮ ಹಾಸ್ಟೆಲಿನಿಂದ ಓದಿ ಹೋದ ಅಣ್ಣನೊಬ್ಬ ಬೆನ್ನಿಗೆ ಚೀಲ ಕಟ್ಟಿಕೊಂಡು ಯಾರದೋ ಊಟಕ್ಕಾಗಿ ನಿಂತಿದ್ದಾನೆ. ಅದೇ ಅಂಗಡಿಯ ಊಟ ಅವನ ಬೆನ್ನ ಮೇಲೆ ಹೋಗಬಹುದು, ಅವನು ಒಳಗಿನ ಕುರ್ಚಿಯ ಮೇಲೆ ಐದು ನಿಮಿಷ ಕೂರುವ ಹಾಗಿಲ್ಲ. ಇನ್ನೊಂದು ಪ್ರಶ್ನೆಯನ್ನು ಆ ಎರಡು ಗುಂಪಿನಲ್ಲಿ ಯಾವ ಗುಂಪೂ ಎತ್ತಿಲ್ಲ: ನಾಯಿ ಒಳಗೆ ಹೊಲಸು ಮಾಡಿದರೆ ಬಾಚುವವರು ಯಾರು? ಸಾಕಿದವರು ಬಗ್ಗುವುದಿಲ್ಲ. ಗಲ್ಲಾದ ಮೇಲೆ ಕೂತವನು ಬಗ್ಗುವುದಿಲ್ಲ. ಬಗ್ಗುವ ಬೆನ್ನು ಯಾವ ಕೇರಿಯದು ಎಂದು ನಿಮಗೂ ಗೊತ್ತು, ನಮಗೂ ಗೊತ್ತು.

ಈಗ ನಮ್ಮವರಿಗೇ ಒಂದು ಮಾತು. ಸಭೆಗಳಲ್ಲಿ ಕೆಲವರು, "ನಾಯಿಗೆ ಕೊಡೋ ಮರ್ಯಾದೆನಾದರೂ ನಮಗೆ ಕೊಡ್ರಪ್ಪ" ಎಂದು ಭಾಷಣ ಬಿಗಿಯುತ್ತಾರೆ. ಚಪ್ಪಾಳೆ ಬೀಳುತ್ತದೆ. ಈ ಮಾತು ನಮಗೆ ಬೇಡ. ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ನಾಡನ್ನು ನನ್ನದೆಂದು ಹೇಗೆ ಕರೆಯಲಿ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 1931ರಲ್ಲಿ ಗಾಂಧಿಯವರ ಎದುರಿಗೇ ಆಡಿದರು. ನಾಯಿಯ ಪಾಲು ಕೊಡಿ ಎಂದು ಅವರು ಕೇಳಲಿಲ್ಲ, ನಾಡನ್ನು ಕೇಳಿದರು. ಸಾಕುನಾಯಿ ಹೋಟೆಲಿನೊಳಕ್ಕೆ ಹೋಗುವುದು ತನ್ನ ಹಕ್ಕಿನಿಂದಲ್ಲ, ಯಜಮಾನನ ಕೈಯ ಹಗ್ಗದಿಂದ. ಹಗ್ಗ ಕಳಚಿದ ಮರುಗಳಿಗೆಯೇ ಅದು ಬೀದಿನಾಯಿ. ಅದೇ ಬಾಗಿಲಲ್ಲಿ ಅದರ ಮೇಲೆ ಬಿಸಿನೀರು ಹುಯ್ಯುತ್ತಾರೆ. ನಮ್ಮಲ್ಲೂ ಹಾಗೆ ಒಳಕ್ಕೆ ಹೋದವರಿದ್ದಾರೆ. ಪಾರ್ಟಿಯ ಯಜಮಾನರು ಹಗ್ಗ ಹಿಡಿದು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ, ಬೆನ್ನು ಸವರಿದ್ದಾರೆ, ಫೋಟೋ ತೆಗೆಸಿದ್ದಾರೆ. ಚುನಾವಣೆಗೆ ಮುಂಚೆ ನಮ್ಮ ಕೇರಿಗೆ ಬಂದು ಉಂಡು ಹೋಗುವ ದೊಡ್ಡವರ ಊಟವೂ ಇಂಥದ್ದೇ. ನಮ್ಮ ತಟ್ಟೆಯಲ್ಲಿ ಅವರು ಉಂಡರೆ ಪೇಪರಿನಲ್ಲಿ ಬರುತ್ತದೆ. ಅವರ ಊರಿನ ಹೋಟ್ಲಲ್ಲಿ ನಾವು ಉಂಡರೆ ಪೊಲೀಸು ಬರಬೇಕು.

ನಮ್ಮ ಮೆಸ್ಸುಗಳ ಕಡೆಗೂ ಒಂದು ಗಳಿಗೆ ತಿರುಗೋಣ. ನಾವು ಇದ್ದ ಹಾಸ್ಟೆಲೊಂದರ ಅಡಿಗೆಮನೆಗೆ ಬಾಗಿಲೇ ಇರಲಿಲ್ಲ. ಬೆಕ್ಕು ಹಾಲಿಗೆ ಬಾಯಿ ಹಾಕಿದ ಮೇಲೆ ನಮಗೆ ಕಾಫಿ. ಅನ್ನದ ಗುಂಡಿಯ ಪಕ್ಕ ಬೀದಿನಾಯಿ. ತಪಾಸಣೆಗೆ ಬಂದ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು, ಅಡ್ಜಸ್ಟ್ ಮಾಡ್ಕೊಳ್ರೋ ಎಂದು ಹೇಳಿ ಹೋದರು. 2011ರ ಆ ನಿಯಮದಲ್ಲಿರುವ ಕಾಳಜಿ ನಮ್ಮ ತಟ್ಟೆಗೂ ಸಲ್ಲಬೇಕು. ಕಾಫಿ ಷಾಪಿನ ನಾಯಿಯ ಬಗ್ಗೆ ಅಷ್ಟು ಕಾಗದ ಖರ್ಚು ಮಾಡುವವರು ನಮ್ಮ ಮೆಸ್ಸಿನ ನಾಯಿಯ ಬಗ್ಗೆ ಒಂದು ಸಾಲು ಬರೆದದ್ದನ್ನು ನಾವು ಕಾಣೆವು. ನಿಮ್ಮ ಹಾಸ್ಟೆಲಿನಲ್ಲಿ ಹೀಗೇ ಇದ್ದರೆ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.

ರಜೆಗೆ ಊರಿಗೆ ಹೋಗುತ್ತೀರಿ. ಊರ ಹೋಟ್ಲಿಗೆ ಹೋಗಿ, ಒಳಗೆ ಕೂತು ಟೀ ಕೇಳಿ. ಒಬ್ಬರೇ ಹೋಗಬೇಡಿ. ನಾಲ್ಕೈದು ಜನ ಹೋಗಿ, ಹೋಗುವ ಮುಂಚೆ ಸಂಘದವರಿಗೆ ತಿಳಿಸಿ. ಮರಕುಂಬಿಯನ್ನು ಮರೆಯಬೇಡಿ. ಯಾರಿಗೆ ಯಾವ ಲೋಟ, ಕುಡಿದ ಲೋಟವನ್ನು ತೊಳೆದವರು ಯಾರು, ಒಳಗೆ ಕೂತವರು ಯಾರು, ಜಗುಲಿಯಲ್ಲಿ ನಿಂತವರು ಯಾರು, ಎಲ್ಲವನ್ನೂ ತಾರೀಖು ಹಾಕಿ ಬರೆದುಕೊಳ್ಳಿ. ತಡೆದರೆ ದೂರು ಕೊಡಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಅಂಗಡಿಯ ಬಾಗಿಲೂ ಇದೆ, ಎಲ್ಲರಿಗಾಗಿ ಇಟ್ಟ ಪಾತ್ರೆಯೂ ಇದೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. 1955ರ ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಇದೆ, ಪೊಲೀಸರು ತಾವಾಗಿ ಹೇಳುವುದಿಲ್ಲ, ನೀವೇ ತಿಳಿದಿರಿ. ನಮ್ಮವರನ್ನು ತಡೆದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಎಂದು ಕೋರ್ಟು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊರೆ ಹೋಟ್ಲಿನವನದು.

ಬರೆದದ್ದನ್ನು ಮುಂದಿನ ಸಭೆಗೆ ತನ್ನಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ನಿಮ್ಮ ಹೆಸರು ಬೇಡ ಅಂದರೆ ಬಿಡುತ್ತೇವೆ. ಊರು, ತಾಲ್ಲೂಕು, ತಾರೀಖು ಮಾತ್ರ ಬಿಡಬೇಡಿ.